ಹುಳದ ಮನೆಯ ಕಲ್ಲು

"ಮುನಿಗಂಗಮ್ಮಾ, ಏ ಮುನಿಗಂಗಮ್ಮಾ! ಏರಿ ತಿರುವಿನಾಗೆ ಮಣ್ಣು ಜಾರ್ತಾ ಐತೆ, ಬೇಗ ಬಾರಮ್ಮಾ!"

ಕೆರೆ ಕಾಯುವ ನೀರುಗಂಟಿ ಕದಿರಪ್ಪ ಅಂಗಳದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದಾಗ ಮುನಿಗಂಗಮ್ಮ ಹುಳದ ಮನೆಯೊಳಗೆ ಹಣ್ಣಾದ ರೇಷ್ಮೆಹುಳಗಳನ್ನು ಆರಿಸಿ ಗೂಡು ಕಟ್ಟಲೆಂದು ಬಿದಿರು ಹೆಣೆದ ಚಂದ್ರಿಕೆಗೆ ಬಿಡುತ್ತಿದ್ದಳು. ಇನ್ನು ಗೂಡು ಕಟ್ಟುವುದೊಂದೇ ಬಾಕಿ. ಇಂಥ ಹೊತ್ತಿನಲ್ಲಿ ದೇವರೇ ಕರೆದರೂ ಅವಳು ಹೊರಗೆ ಬರುವವಳಲ್ಲ. ಕೈಕಾಲು ತೊಳೆಯದೆ ಹೊಸಲು ದಾಟಿದ ಗಂಡನನ್ನೇ ಬೈದು ಅಟ್ಟಿದ ಹೆಂಗಸು. ಆದರೆ ತಿರುವು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈಲಿದ್ದ ಹುಳದ ತಟ್ಟೆ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡು ಓಡಿದಳು.

ಯಾಕೆ ಓಡಿದಳು ಅಂದರೆ, ಆ ತಿರುವನ್ನು ಬರಿದು ಮಾಡಿಸಿದವಳೇ ಅವಳು. ನಾಗಸಮುದ್ರಕ್ಕೆ ಸೊಸೆಯಾಗಿ ಬಂದ ಮೇಲೆ ಕೆರೆ ತುಂಬಿದ್ದನ್ನು ಅವಳು ಕಂಡೇ ಇರಲಿಲ್ಲ. ಹೆಸರಿಗೆ ಸಮುದ್ರ, ಒಳಗೆ ದನ ಮೇಯುವ ಬಯಲು. ಹುಳಕ್ಕೊಂದು ಬೇರೆ ಮನೆ ಬೇಕೇ ಬೇಕು ಎಂದು ಹಟ ಹಿಡಿದು, ಏರಿಯ ಒಳಮೈಗೆ ಹಿಂದಿನವರು ಹೊದಿಸಿದ್ದ ಕಲ್ಲುಗಳ ಕಡೆ ಕೈ ತೋರಿಸಿ, "ತಿರುವಿನಾಗೆ ಗಾಡಿ ನಿಲ್ತೈತೆ, ಅಲ್ಲಿಂದ ಕಿತ್ಕೊಂಡ್ ಬಾ. ಈ ಕೆರೆಗೆ ನೀರು ಬಂದ್ರೆ ನನ್ ಹೆಸರೇ ಬೇರೆ ಇಟ್ಕೋತೀನಿ" ಎಂದು ಗಂಡ ಆವಲಪ್ಪನಿಗೆ ಹೇಳಿದ್ದಳು. ಕದಿರಪ್ಪ ಬೇಡ ಬೇಡ ಅಂದ. ಕೇಳಿದವರು ಯಾರು? ಅವರನ್ನು ನೋಡಿ ಊರವರೂ ಕೊಟ್ಟಿಗೆಗೆ, ಬಚ್ಚಲಿಗೆ ಎಂದು ಒಂದೊಂದು ಎತ್ತಿಕೊಂಡು ಹೋದರು.

ಎಪ್ಪತ್ತೊಂಬತ್ತರ ಕಾರ್ತಿಕದಲ್ಲಿ ಮದ್ರಾಸಿನ ಕಡೆ ಸಮುದ್ರದಲ್ಲಿ ಎದ್ದ ಗಾಳಿಮಳೆ ಮುಳಬಾಗಿಲ ಸೀಮೆಯನ್ನೆಲ್ಲ ತೊಯ್ಯಿಸಿತು. ನಾಗಸಮುದ್ರದ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಕುಣಿಯಿತು. ಮಳೆ ನಿಂತರೂ ಗಾಳಿ ಮಾತ್ರ ನಿಲ್ಲಲಿಲ್ಲ.

ಏರಿ ಹತ್ತಿ ನೋಡಿದರೆ ಅಬ್ಬಬ್ಬಾ! ಕೆರೆಯಲ್ಲ ಅದು, ನಿಜವಾಗಿ ಸಮುದ್ರವೇ. ಕಲ್ಲಿದ್ದ ಕಡೆ ಅಲೆ ಬಡಿದು, ಒಡೆದು, ನೊರೆಯಾಗಿ ಹಿಂದಕ್ಕೆ ಹೋಗುತ್ತಿತ್ತು. ತಿರುವಿನಲ್ಲಿ ಬರೀ ಮಣ್ಣು. ಅಲ್ಲಿ ಅಲೆ ಬುಡವನ್ನು ಕೊರೆಯುತ್ತಿತ್ತು, ಬುಡ ಹೋದ ಮೇಲೆ ಮೇಲಿನ ಮಣ್ಣು ಧೊಪ್ಪೆಂದು ನೀರಿಗೆ ಬೀಳುತ್ತಿತ್ತು. ಆವಲಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದಿದ್ದ. ಹೊಂಗೆಸೊಪ್ಪಿನ ಹೊರೆ ಒಡ್ಡಿದರೆ ಅಲೆ ಕಿತ್ತು ಎಸೆಯಿತು. ಮಣ್ಣಿನ ಮೂಟೆ ಇಟ್ಟರೆ ಕರಗಿಸಿ ಗೋಣಿಚೀಲ ಮಾತ್ರ ಉಳಿಸಿತು.

"ಮಣ್ಣು ಹಾಕಿದಷ್ಟೂ ನುಂಗ್ತೈತೆ. ಕಲ್ಲು ಬೇಕು, ಕಲ್ಲು!" ಕದಿರಪ್ಪ ಕೂಗಿದ. "ಕಲ್ಲು ಒಡೆಯೋ ಬಂಡೆ ಕಡೆ ಹೋಗಾಣ ಅಂದ್ರೆ ಕೋಡಿ ನೀರು ದಾರಿ ಬಿಡಲ್ಲ. ಸಾಯಂಕಾಲದ ತನಕ ಹಿಂಗೇ ಬಡಿದ್ರೆ ಕೆಳಗಿನ ಕೇರಿ ಉಳಿಯಲ್ಲ ಕಣ್ರಪ್ಪೋ!"

ಯಾರೂ ಮುನಿಗಂಗಮ್ಮನ ಮುಖ ನೋಡಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ತಿರುಗಿ ನೋಡಿದಳು. ಏರಿಯ ಕೆಳಗೇ ಅವಳ ಹುಳದ ಮನೆ, ಹಬ್ಬಕ್ಕೆಂದು ಅವಳೇ ಬಳಿದ ಸುಣ್ಣ, ಒಳಗೆ ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿರುವ ಹುಳಗಳು.

"ಪದಂಡ್ರಾ, ನಡೀರ್ರೋ!" ಎಂದು ಕಿರುಚಿದಳು. "ನನ್ ಹುಳದ ಮನೆ ಕೆಡವ್ರಿ!"

"ಲೇ, ಹುಳ ಹಣ್ಣಾಗವೆ ಕಣೇ!" ನೀರಿನೊಳಗಿಂದ ಆವಲಪ್ಪ.

"ನನಗೆ ಗೊತ್ತಿಲ್ವಾ? ನೀರಾಗೆ ನಿಂತ್ಕೊಂಡು ನನಗೆ ಬುದ್ಧಿ ಹೇಳ್ಬೇಡ. ಕೈ ಚಾಚು, ಕಲ್ಲು ಬರ್ತೈತೆ!"

ಹೆಂಗಸರೆಲ್ಲ ಚಂದ್ರಿಕೆ ಹೊರಲು ಬಂದರು. ಪಕ್ಕದ ಮನೆ ಶ್ಯಾಮಲಮ್ಮ ಮಾತ್ರ ಹೊಸಲ ಹೊರಗೇ ನಿಂತಳು. "ಕಾಲೆಲ್ಲ ಕೆಸರು ಅಕ್ಕಾ, ತೊಳ್ಕೊಂಡು ಬರ್ಲಾ?"

"ತೊಳೆಯೋಕೆ ಕೆರೇನೇ ಮನೆಗೆ ಬರ್ತಾ ಐತೆ, ನುಗ್ಗೇ ಒಳಕ್ಕೆ!"

ಚಂದ್ರಿಕೆಗಳು ಗಂಗಮ್ಮನ ಗುಡಿಯ ಜಗಲಿ ಸೇರಿದವು. ಗಂಡಸರು ಸೂರಿನ ಹುಲ್ಲು ಎಳೆದು ಹಾಕಿದರು. ಮೊದಲ ಕಲ್ಲಿಗೆ ಹಾರೆ ಹಾಕಿ ಮೀಟಿದವಳು ಮುನಿಗಂಗಮ್ಮನೇ. ಆಮೇಲೆ ನೋಡಬೇಕಿತ್ತು ಆ ಸಡಗರ! ಅಂಗಳದಿಂದ ಏರಿಯವರೆಗೆ ಜನ ಸಾಲು ನಿಂತರು, ಕೈಯಿಂದ ಕೈಗೆ ಕಲ್ಲು ಹೋಯಿತು. ದಪ್ಪನೆಯವು ಬುಡಕ್ಕೆ, ಸಂದಿಗೆ ಚಕ್ಕೆ ಎಂದು ಕದಿರಪ್ಪ ಕೂಗಿ ಕೂಗಿ ಕೂರಿಸಿದ. ಗೋಡೆಯ ಕಲ್ಲು ಮುಗಿಯುತ್ತಾ ಬಂದಾಗ ಕೆಳಗಿನ ಕೇರಿಯ ಸುಬ್ಬರಾಯಪ್ಪ ತನ್ನ ಬಚ್ಚಲ ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದ. "ಇದೂ ಕೆರೆದೇ ಕಣ್ರಪ್ಪ. ನಗಬ್ಯಾಡ್ರಿ ಯಾರೂ" ಅಂದ. ಎಲ್ಲರೂ ನಕ್ಕರು, ನಗುನಗುತ್ತಲೇ ಮನೆಗೆ ಓಡಿದರು. ಕೊಟ್ಟಿಗೆಯದು ಬಂತು, ಬಟ್ಟೆ ಒಗೆಯುವುದು ಬಂತು, ಯಾರದೋ ಮನೆಯ ಮೆಟ್ಟಿಲೂ ಬಂತು.

ದೊಡ್ಡದೊಂದು ಅಲೆ ಎದ್ದು ಬಂದು ಹೊಸ ಕಲ್ಲುಗಳಿಗೆ ಬಡಿಯಿತು. ಛಟಾರನೆ ಒಡೆದು ಎಲ್ಲರ ಮುಖಕ್ಕೆ ಎರಚಿತು. ಕಲ್ಲು ಅಲುಗಲಿಲ್ಲ. "ಓ!" ಎಂದು ಏರಿಗೆ ಏರಿಯೇ ಕೂಗಿತು. ಆವಲಪ್ಪ ನೀರಿನಲ್ಲಿ ನಿಂತೇ ಕೈ ಎತ್ತಿ ಕುಣಿದ.

ಹೊತ್ತು ಇಳಿಯುವಾಗ ಗಾಳಿಯೂ ಇಳಿಯಿತು. ಕದಿರಪ್ಪ ಬೀಡಿ ಹಚ್ಚಿ, "ಏನಮ್ಮಾ, ಹೊಸ ಹೆಸರು ಏನಿಟ್ಕೋತೀಯ?" ಅಂದ.

"ನೀನೇ ಇಡು ಮಾವ. ನಾಮಕರಣದ ತೊಟ್ಟಿಲು ಮಾತ್ರ ನಿನ್ನದೇ."

ನಕ್ಕು ನಕ್ಕು ಜನ ಚದುರಿದರು. ಮುನಿಗಂಗಮ್ಮ ಏರಿಯ ಮೇಲೆ ಕುಸಿದು ಕೂತಳು. ಕೆಳಗೆ ಹುಳದ ಮನೆಯಿದ್ದಲ್ಲಿ ಸಗಣಿ ಸಾರಿಸಿದ ನೆಲ ಮಾತ್ರ ಇತ್ತು. ಥಂಡಿಗಾಳಿಗೆ ಜಗಲಿಯ ಮೇಲಿನ ಹುಳ ಎಷ್ಟು ಉಳಿಯುತ್ತವೋ, ಗುಡಿಯೊಳಗಿನ ಗಂಗಮ್ಮನೇ ಬಲ್ಲಳು. ಅಳುವೂ ನಗುವೂ ಒಟ್ಟಿಗೇ ಬಂದವು. ಕಣ್ಣೊರೆಸಲು ಸೆರಗು ಬಿಚ್ಚಹೋದವಳು ತಟ್ಟನೆ ಕೈ ತಡೆದಳು.

ಆವಲಪ್ಪ ನಡುಗುತ್ತಾ ಹತ್ತಿ ಬಂದ. "ಏಳೇ, ಮನೆಗೆ ಹೋಗಾಣ."

"ಅಲ್ಲಾಡಿಸ್ಬೇಡ. ಸುಮ್ನೆ ಕೂತ್ಕೋ."

ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಮಡಿಕೆಯಲ್ಲಿ ಒಂದು ಹಣ್ಣುಹುಳ ಉಳಿದುಕೊಂಡಿತ್ತು. ತಲೆಯನ್ನು ಅತ್ತ ಇತ್ತ ಆಡಿಸುತ್ತ, ತನ್ನ ಸುತ್ತ ಹಳದಿ ಎಳೆ ಎಳೆಯುತ್ತಿತ್ತು. ಗಂಡ ಹೆಂಡತಿ ಉಸಿರು ಬಿಗಿಹಿಡಿದು ನೋಡುತ್ತಾ ಕೂತರು. ಕೆಳಗೆ ನೀರು ಸುಣ್ಣ ಬಳಿದ ಕಲ್ಲಿನವರೆಗೆ ಬಂದು, ಮುಟ್ಟಿ, ಹಿಂದಕ್ಕೆ ಹೋಗುತ್ತಿತ್ತು.