ಗುಡಿಸಲುಗಳ ಫೋಟೋ ತೆಗೆಯುವಾಕೆ

ಟಿಕ್ ಎಂದಿತು. ಒಂದೇ ಸಲ.

ಕೃಷ್ಣವೇಣಿ ಕಂಬಳಿಯೊಳಗೇ ಕಣ್ಣು ಬಿಟ್ಟಳು. ನಡುರಾತ್ರಿ ಮೀರಿತ್ತು. ಅದು ಟಾರ್ಪಾಲಿನ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದಲ್ಲ, ಇಲಿ ಬುಟ್ಟಿ ಕಡಿಯುವ ಸದ್ದೂ ಅಲ್ಲ. ಎರಡು ದಿನದಿಂದ ಕೇಳಿ ಕೇಳಿ ಅವಳಿಗೆ ಗುರುತಾಗಿಹೋಗಿದ್ದ ಸದ್ದು. ಉಷಾರಾಣಿಯ ಕ್ಯಾಮೆರಾ.

ಪಕ್ಕದ ಹಾಸಿಗೆ ತಣ್ಣಗಿತ್ತು. ಗಂಡ ರಾಮಾಂಜಿ ಹರಗೋಲು ತೆಗೆದುಕೊಂಡು ಎರಡನೇ ಸುತ್ತಿಗೆ ನೀರಿಗಿಳಿದು ಒಂದು ತಾಸಾಗಿತ್ತು. ಅವನ ಜೊತೆಗೆ ಸಣ್ಣಕಣ್ಣಿನ ಬಲೆಯೂ ಹೋಗಿತ್ತು. ಕಿರುಬೆರಳು ಕೂಡ ತೂರದಂಥ ಕಣ್ಣು ಅದಕ್ಕೆ. ಮಳೆಗಾಲದಲ್ಲಿ ನೀರಿಗೆ ಬಿಟ್ಟ ಮರಿಗಳನ್ನೆಲ್ಲ ಬಳಿದುಕೊಂಡು ಬರುತ್ತಿತ್ತು. ಮೀನುಗಾರರ ಸೊಸೈಟಿ ಅದನ್ನು ನಿಷೇಧಿಸಿತ್ತು. ಹೋದ ವರ್ಷ ರಾಮಾಂಜಿ ಸಿಕ್ಕಿಬಿದ್ದಾಗ ಅಧ್ಯಕ್ಷ ಜುಂಜಣ್ಣ ಎಲ್ಲರ ಮುಂದೆ ಹೇಳಿದ್ದ, ಇನ್ನೊಂದು ಸಲ ಸಿಕ್ಕರೆ ಲೈಸೆನ್ಸು ರದ್ದು, ಗುಡಿಸಲು ಎತ್ತಿಕೊಂಡು ಹೊರಡಬೇಕು ಅಂತ. ಆ ನೋಟೀಸನ್ನು ಎಲ್ಲರಿಗೂ ಓದಿ ಹೇಳಿದವಳೇ ಕೃಷ್ಣವೇಣಿ. ಡ್ಯಾಮಿನ ದಂಡೆಯ ಒಂಬತ್ತು ಗುಡಿಸಲುಗಳಲ್ಲಿ ಡಿಗ್ರಿ ಓದಿದವಳು ಅವಳೊಬ್ಬಳೇ.

ಚಳಿಗಾಲದಲ್ಲಿ ಭೈರವಾನಿತಿಪ್ಪ ಡ್ಯಾಮಿನ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಅದರ ಬೆನ್ನು ಹತ್ತಿ ಗುಡಿಸಲುಗಳೂ ಸರಿಯುತ್ತವೆ. ವಾರಕ್ಕೊಮ್ಮೆ ನಾಲ್ಕು ಜನ ನಾಲ್ಕು ಮೂಲೆಯ ಗಳ ಹಿಡಿದು, ಗುಡಿಸಲನ್ನು ಪಲ್ಲಕ್ಕಿಯ ಹಾಗೆ ಎತ್ತಿ, ಒಣಗಿದ ಕೆಸರಿನ ಮೇಲೆ ಮುಂದಕ್ಕೆ ಇಡುತ್ತಾರೆ. ಇದನ್ನು ನೋಡಲೆಂದೇ ಬಂದೆ ಎಂದು ಉಷಾರಾಣಿ ಜೀಪಿನಿಂದ ಇಳಿದಾಗ ಯಾರೂ ನಂಬಲಿಲ್ಲ.

ಐವತ್ತರ ಹೆಂಗಸು. ರಾಯದುರ್ಗದಲ್ಲೇ ಹುಟ್ಟಿದವಳಂತೆ, ಮಾತೂ ಹಾಗೇ ಇತ್ತು. ಆದರೆ ಅವಳು ಕೇಳಿದ ಪ್ರಶ್ನೆಗಳು ಬೇರೆ ಥರ ಇದ್ದವು. ಈ ಗುಡಿಸಲು ಹೋದ ವಾರ ಎಲ್ಲಿತ್ತು, ಯಾರದು, ನೀರಿಗೆ ಎಷ್ಟು ಹೆಜ್ಜೆ. ಕೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಮೊದಲ ದಿನ ಒಂದು ಆಲ್ಬಂ ತೆಗೆದು ತೋರಿಸಿದಳು. ಎಲ್ಲೋ ಚಳಿಯ ದೇಶದ ಕೆರೆಗಳು. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಗಡ್ಡೆಗಟ್ಟಿದ ನೀರು, ಅದರ ಮೇಲೆ ಕೆಂಪು, ಹಸಿರು, ನೀಲಿ ಬಣ್ಣದ ಪುಟ್ಟ ಪುಟ್ಟ ಮರದ ಮನೆಗಳು.

"ಇವೂ ಮೀನು ಹಿಡಿಯೋರ ಮನಿನೇ," ಎಂದಿದ್ದಳು ಉಷಾರಾಣಿ. "ಒಳಗ ಕುಂತು ನೆಲಕ್ಕ ತೂತು ಕೊರದು ಗಾಳ ಬಿಡ್ತಾರ. ಚಳಿ ಹೋಗೋದ್ರಾಗ ಮನಿ ಎಳಕೊಂಡು ದಂಡಿಗೆ ಬರಬೇಕು."

"ಇಲ್ಲಾಂದ್ರ?" ಎಂದಿದ್ದ ಪಕ್ಕದ ಗುಡಿಸಲಿನ ಮುದುಕ ಪಾಲಯ್ಯ.

"ಮನಿನೂ ಮುಳುಗ್ತೈತಿ, ಮನಿಯವನೂ ಮುಳುಗ್ತಾನ."

"ಅಲ್ರಿ ಮೇಡಂ, ನೀರಿನ ಮ್ಯಾಲ ಮನಿ ಇಡೋರು ಹುಚ್ಚರೋ, ಅದನ್ನ ನಂಬೋ ನಾವು ಹುಚ್ಚರೋ?"

ಎಲ್ಲರೂ ನಕ್ಕರು. ಕೃಷ್ಣವೇಣಿ ನಗಲಿಲ್ಲ. ನೀರು ಗಡ್ಡೆಗಟ್ಟುವುದು ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಬೇರೆ ಕಡೆ ಇತ್ತು. ಮೂವತ್ತು ಮನೆಗಳ ಫೋಟೋ, ಒಂದರಲ್ಲೂ ಒಬ್ಬ ಮನುಷ್ಯನಿಲ್ಲ. ಊರಿನ ಗ್ರಾಮ ಸಚಿವಾಲಯದ ನೌಕರರು ಮನೆ ಮಂಜೂರು ಮಾಡಲು ಬಂದಾಗ ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿಯೇ ಫೋಟೋ ತೆಗೆಯುತ್ತಾರೆ. ಬರೀ ಮನೆಯ ಫೋಟೋ ತೆಗೆಯುವವರು ಅದನ್ನು ಕೀಳಿಸಲು ಬಂದವರು. ಗುಮ್ಮಘಟ್ಟದ ರಸ್ತೆ ಅಗಲ ಮಾಡುವಾಗ ಅವಳೇ ಕಣ್ಣಾರೆ ನೋಡಿದ್ದಳು.

"ಆಕಿ ಆಫೀಸಿನಕಿ," ಎಂದಿದ್ದ ರಾಮಾಂಜಿ ಅವತ್ತು ರಾತ್ರಿ.

"ಹಂಗಂದ್ರ ಆ ಬಲಿ ಬಿಡ್ರಿ."

"ಆಕಿ ಮಲಗಿದ ಮ್ಯಾಲ ಹೊಕ್ಕೀನಿ. ಕತ್ತಲಾಗ ಏನ್ ಕಾಣ್ತೈತಿ ಆಕಿಗೆ?"

ಈಗ ಕೃಷ್ಣವೇಣಿ ಟಾರ್ಪಾಲಿನ ಸಂದಿಗೆ ಕಣ್ಣಿಟ್ಟಳು. ಹೊರಗೆ ಕತ್ತಲೆಯೇ ಇರಲಿಲ್ಲ. ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. ಇಪ್ಪತ್ತು ಹೆಜ್ಜೆ ಆಚೆ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಂತಿತ್ತು, ನೇರ ಅವಳ ಬಾಗಿಲಿಗೆ ಮುಖ ಮಾಡಿ. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಕೆಂಪು ದೀಪ. ಹತ್ತಿರ ಯಾರೂ ಇರಲಿಲ್ಲ.

ಕಾವಲಿಗೆ ಬಿಟ್ಟು ಹೋಗಿದ್ದಾಳೆ, ಅನ್ನಿಸಿತು ಅವಳಿಗೆ.

ಬಾಗಿಲ ಪಕ್ಕದಲ್ಲೇ ಮೊದಲ ಸುತ್ತಿನ ಬುಟ್ಟಿ ಇತ್ತು, ತುಂಬ ಮರಿ ಮೀನು, ಬೆಳದಿಂಗಳಿಗೆ ಸೂಜಿ ಸುರಿದ ಹಾಗೆ ಹೊಳೆಯುತ್ತಿತ್ತು. ಅದನ್ನು ಒಳಗೆ ಎಳೆದುಕೊಂಡರೆ ಎಳೆದುಕೊಂಡದ್ದೇ ಸಾಕ್ಷಿಯಾಗುತ್ತದೆ. ಅವಳು ಶಾಲು ಹೊದ್ದು ಹೊರಗೆ ಬಂದು, ಬುಟ್ಟಿಗೆ ಅಡ್ಡವಾಗಿ, ಸೆರಗು ಅಗಲ ಮಾಡಿ ನಿಂತಳು. ಅಲುಗಾಡಿದರೆ ಬುಟ್ಟಿ ಕಾಣುತ್ತದೆಂದು ಕಂಬದ ಹಾಗೆ ನಿಂತಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಕಾಲು ಜೋಮು ಹಿಡಿಯಿತು.

ಎಷ್ಟೋ ಹೊತ್ತಿನ ಮೇಲೆ ನೀರಿನ ಕಡೆಯಿಂದ ಕೆಸರು ತುಳಿಯುವ ಸದ್ದು ಬಂತು. ರಾಮಾಂಜಿ ಹೆಗಲ ಮೇಲೆ ಬಲೆ ಹೊತ್ತು ಕ್ಯಾಮೆರಾದ ಮುಂದೆಯೇ ನಡೆದು ಬಂದ.

"ಇಲ್ಯಾಕ ನಿಂತಿ?"

ಅವಳು ತಲೆ ತಿರುಗಿಸದೆ, ತುಟಿ ಮಾತ್ರ ಅಲುಗಿಸಿ, "ಹಿಂದ ನೋಡ್ರಿ," ಎಂದಳು.

ಅವನು ನೋಡಿದ. ಬಲೆ ಹೊತ್ತಂತೆಯೇ ತಿರುಗಿ ಕೆಸರಿನಲ್ಲಿ ಜಾರುತ್ತ, ಎದ್ದು ಬೀಳುತ್ತ ನೀರಿಗೆ ಓಡಿದ.

ಅವನು ಮರೆಯಾಗಿ ಸ್ವಲ್ಪ ಹೊತ್ತಿಗೆ ಜೀಪಿನ ಬಾಗಿಲು ತೆರೆಯಿತು. ಉಷಾರಾಣಿ ಫ್ಲಾಸ್ಕು ಹಿಡಿದು ಬಂದಳು. ಗಡಿಯಾರ ನೋಡಿ ಕ್ಯಾಮೆರಾ ಮುಟ್ಟಿದಳು. ಮತ್ತೆ ಟಿಕ್ ಎಂದಿತು. ಆಮೇಲೆ ತಲೆ ಎತ್ತಿದವಳು ಬೆಚ್ಚಿಬಿದ್ದಳು.

"ಅಯ್ಯ, ಕೃಷ್ಣವೇಣಿ. ಎಷ್ಟೊತ್ತಿಂದ ನಿಂತೀಯಮ್ಮ?"

"ನಿದ್ದಿ ಬರಲಿಲ್ರಿ." ಅವಳು ಕ್ಯಾಮೆರಾ ಬಿಟ್ಟು ಬೇರೆಲ್ಲೂ ನೋಡಲಿಲ್ಲ. "ಅದರಾಗ ಏನು ಬಿದ್ದೈತಿ, ತೋರಿಸ್ರಿ."

ಉಷಾರಾಣಿ ಒಂದು ಕ್ಷಣ ಅವಳ ಮುಖ ನೋಡಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಗುಡಿಸಲು ಹಗಲಿನಷ್ಟು ಸ್ಪಷ್ಟವಾಗಿತ್ತು. ಮೇಲೆ ನಕ್ಷತ್ರಗಳು ಚುಕ್ಕಿಯಾಗದೆ ಗೀರುಗಳಾಗಿದ್ದವು. ರಾಮಾಂಜಿ ಇರಲಿಲ್ಲ. ಬಲೆ ಇರಲಿಲ್ಲ. ಬಾಗಿಲ ಮುಂದೆ ಹೊಗೆಯ ಹಾಗೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಮೈಯ ಮೂಲಕ ಹಿಂದಿನ ಟಾರ್ಪಾಲು ಕಾಣುತ್ತಿತ್ತು. ಕಾಲ ಬಳಿ ಏನೋ ಮಸುಕಾಗಿ ಬೆಳ್ಳಗಿತ್ತು, ಬುಟ್ಟಿ ಎಂದು ಗೊತ್ತಿದ್ದವರಿಗೆ ಮಾತ್ರ ಬುಟ್ಟಿ.

"ಬ್ಯಾರೆ ಯಾರೂ ಇಲ್ಲಲ್ರಿ ಇದರಾಗ," ಎಂದಳು ಕೃಷ್ಣವೇಣಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಇಪ್ಪತ್ತು ನಿಮಿಷ ಕಣ್ಣು ತಕ್ಕೊಂಡು ಕುಂತಿರ್ತೈತಿ ಇದು. ಓಡಾಡೋರು ಬೀಳಂಗಿಲ್ಲ. ನಿಂತೋರು ಅಷ್ಟ ಬೀಳ್ತಾರ. ಆ ಮಂಜಿನ ಮನಿಗಳ ಮುಂದೂ ಜನ ಓಡಾಡ್ತಾನೇ ಇದ್ರು. ಒಬ್ಬರೂ ಉಳೀಲಿಲ್ಲ."

ಹೇಳುತ್ತಲೇ ಉಷಾರಾಣಿಯ ದೃಷ್ಟಿ ಕೆಳಗಿಳಿಯಿತು. ಬಾಗಿಲವರೆಗೆ ಬಂದು ನೀರಿಗೆ ಹಿಂದಿರುಗಿದ್ದ ದೊಡ್ಡ ಪಾದಗಳ ಒದ್ದೆ ಗುರುತು. ಅದನ್ನು ನೋಡಿದಳು, ಬುಟ್ಟಿಯನ್ನೂ ನೋಡಿದಳು. ಲೋಟಕ್ಕೆ ಚಹಾ ಬಗ್ಗಿಸಿ ಕೊಟ್ಟಳು.

"ನೀವು ಯಾವ ಆಫೀಸಿನೋರು?" ಕೃಷ್ಣವೇಣಿ ಕೇಳಿಯೇಬಿಟ್ಟಳು.

"ಯಾವುದೂ ಇಲ್ಲಮ್ಮ. ನೀ ನಂಬಂಗಿಲ್ಲ ಅಂತನೂ ಗೊತ್ತೈತಿ."

ಅದು ನಿಜವಾಗಿತ್ತು. ಚಹಾ ಕುಡಿದು ಮುಗಿಸಿದರೂ ಅವಳಿಗೆ ನಂಬಿಕೆ ಬಂದಿರಲಿಲ್ಲ.

ಬೆಳಕು ಹರಿಯುವ ಮೊದಲೇ ಜೀಪು ಹೊರಟುಹೋಯಿತು. ಅದರ ಸದ್ದು ಅಡಗಿದ ಮೇಲೆ ರಾಮಾಂಜಿ ಒಳಗೆ ನುಸುಳಿದ. ಸೊಂಟದವರೆಗೆ ನೆನೆದಿದ್ದ. ಕೈ ಖಾಲಿಯಾಗಿತ್ತು.

"ಬಲಿ?"

"ಕಲ್ಲು ಕಟ್ಟಿ ಮುಳುಗಿಸೀನಿ, ಹಳೇ ಬಾವಿ ಇದ್ದ ಕಡೆ." ಅವನ ದವಡೆ ನಡುಗುತ್ತಿತ್ತು. "ನಾ ಅದರಾಗ ಬಿದ್ದೀನೇನು?"

ಅವಳು ಒಲೆಗೆ ಪುಳ್ಳೆ ತುರುಕಿದಳು. ಇಲ್ಲ ಎಂದರೆ ಅವನು ಮೊದಲು ನಗುತ್ತಾನೆ. ಮಧ್ಯಾಹ್ನಕ್ಕೆ ಪಾಲಯ್ಯನಿಗೆ ಹೇಳಿ ಇನ್ನಷ್ಟು ನಗುತ್ತಾನೆ. ಸಂಜೆಗೆ ಹರಗೋಲು ಹತ್ತಿ ಆ ಕಲ್ಲು ಹುಡುಕಲು ಹೋಗುತ್ತಾನೆ. ಮುಂದಿನ ಸಲ ನೋಡುವುದು ಕ್ಯಾಮೆರಾ ಆಗಿರುವುದಿಲ್ಲ, ಜುಂಜಣ್ಣ ಆಗಿರುತ್ತಾನೆ.

"ಹೇಳು ಮತ್ತ. ಆಕಿ ನಿನಗ ಏನಾರ ತೋರಿಸಿದ್ಲೇನು?"

"ಆಕಿ ಯಾಕ ನನಗ ತೋರಿಸ್ತಾಳ?" ಎಂದಳು ಕೃಷ್ಣವೇಣಿ. "ಒದ್ದಿ ಬಟ್ಟಿ ಬಿಚ್ಚಿ ಬೆಂಕಿ ಹತ್ರ ಕುಂದ್ರ ಬರ್ರಿ."

ಬೆಂಕಿಗೆ ಕೈ ಚಾಚಿ ಕುಳಿತವನು ಆಗಾಗ ಟಾರ್ಪಾಲಿನ ಸಂದಿಯ ಕಡೆ ನೋಡುತ್ತಿದ್ದ. ಅವನು ಈ ರಾತ್ರಿಯ ಬಗ್ಗೆ ಎಷ್ಟು ಸಲ ಕೇಳಿದರೂ, ಪಾಲಯ್ಯ ಕೇಳಿದರೂ, ತವರಿನವರೇ ಬಂದು ಕೇಳಿದರೂ, ಆ ಪರದೆಯಲ್ಲಿ ತಾನು ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಅವಳು ನಿರ್ಧರಿಸಿದಳು.