ಪಪಾಯಿ ಜೆಲ್ಲಿಯೊಳಗೊಂದು ಗುಳ್ಳೆ

ತಳದಿಂದ ಒಂದು ಗುಳ್ಳೆ ಎದ್ದಿತು, ಒಂದೇ ಒಂದು, ಪಾಕ ಇನ್ನೂ ಕುದಿಗೇ ಬಂದಿಲ್ಲ, ಆದರೂ — ನೊಲ್ಫಾ ಸೌಟು ಹಿಡಿದು ನಿಂತಳು, ಪಪಾಯಿ ಹೋಳು ಬೆಂದಿವೆ, ಜಿಲಾಟಿನ್ ನೆನೆದಿದೆ, ವೈನ್ ಒಂದಿಲ್ಲ, ತೀರಿಹೋದ ಗಂಡ ಬಾಲ್ದೊ ತುಳಿದ ಕೊನೆಯ ದ್ರಾಕ್ಷಿಯ ಕೊನೆಯ ಸೀಸೆ, ಬೆಳಗ್ಗೆ ತೆಗೆದರೆ ಬಿರಡೆ ಪುಡಿಪುಡಿ, ಒಳಗೆ ಮೂಗು ಸುಡುವ ಹುಳಿ, ಚೆಲ್ಲಿಬಿಟ್ಟಳು, ಹತ್ತು ವರ್ಷಕ್ಕೆ ಹತ್ತು ಸೀಸೆ, ಅವನ ಹುಟ್ಟಿದ ದಿನಕ್ಕೊಂದು ಜೆಲ್ಲಿ, ಇದು ಹನ್ನೊಂದನೆಯದು, ಮಗನ ವೈನು ಇರೋ ತನಕ ಮಗ ಮನೇಲಿದ್ದಾನೆ ಕಣೇ, ಅದು ಮುಗಿದ ದಿನ ನನ್ನ ಋಣವೂ ತೀರಿತು ಅನ್ನುತ್ತಾಳೆ ಅತ್ತೆ ಎದೆಲ್ಮಿರಾ — ಆಡಿದ್ದನ್ನು ಮಾಡುವವಳು, ಕಣ್ಣು ಹೋಗಿದೆ, ನಾಲಿಗೆ ಹೋಗಿಲ್ಲ.

ಬದಲಿ ವೈನಿನ ಮೂರು ಲೋಟ ಮುಂದಿವೆ, ಅಂಗಡಿಯದು ಹೂವಿನ ಶರಬತ್ತು, ಮೊದಲ ಚಮಚಕ್ಕೇ ಅತ್ತೆ ಉಗುಳುತ್ತಾಳೆ, ಪಾದ್ರಿ ಕೊಟ್ಟದ್ದು ಸೀದ ಒಣದ್ರಾಕ್ಷಿ, ಮೂರನೆಯದು ನೆರೆಯ ಸೆಗುಂದೊನದು, ಕಿತ್ತಳೆ ಸಿಪ್ಪೆ, ಕೊನೆಗೆ ಚೂರು ಹೊಗೆ, ಥೇಟ್ ಬಾಲ್ದೊನದೇ, ಆಗದೇ ಇರುತ್ತದೆಯೇ, ಅದೇ ಬಳ್ಳಿ, ರಸ ಹುಳಿಸುವ ಅದೇ ಗುಂಡಿ, ಬಾಲ್ದೊ ಸತ್ತ ಮೇಲೆ ಸೆಗುಂದೊ ಕೊಂಡ ಗುಂಡಿ, ತಗೋ ಅಕ್ಕ, ಇನ್ನೂ ಎಳೇದು, ನಾಲಿಗೇಲಿ ಚುರ್ ಅನ್ನುತ್ತೆ, ಹಳೇದೇ ಬೇಕಂದ್ರೆ ನನ್ನನ್ನೇ ಹಿಂಡ್ಕೋ ಅಂದು ನಕ್ಕ, ಅವಳು ನಗಲಿಲ್ಲ, ರಸ ಹುಳಿಯುವಾಗ ಆ ಗುಂಡಿಗೆ ಮೊದಲು ಮೇಣದಬತ್ತಿ ಇಳಿಸಬೇಕು, ಬತ್ತಿ ಆರಿದರೆ ಒಳಗೆ ಉಸಿರಿಲ್ಲ, ಇಳಿಯಬಾರದು, ಮಕ್ಕಳಿಗೂ ಗೊತ್ತು, ಆ ದಿನ ಬಾಲ್ದೊ ಕೂಗಿದ, ನೊಲ್ಫಾ, ಬತ್ತಿ ಎಲ್ಲಿ, ಅದರ ಮೇಣಾನೇ ಜಾಮಿನ ಸೀಸೆಗೆ ಹಾಕ್ತಿದ್ದೀನಿ, ಇರು ಸ್ವಲ್ಪ ಅಂದಳು ಇವಳು, ಬಕೆಟ್ ಒಂದು ಒಳಗೆ ಬಿದ್ದಿದೆ, ಈಗ ಬಂದೆ ಅಂದ — ಏಣಿ ಹತ್ತಿ ಬರಲಿಲ್ಲ, ಅವಳು ಬಗ್ಗಿ ನೋಡಿದಾಗ ರಸದ ಮೇಲೆ ಒಂದು ಗುಳ್ಳೆ, ಅಷ್ಟೆ, ಬತ್ತಿಯ ಮಾತು ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಒಲೆಯಿಂದ ಇಳಿಸಿ, ಆರಿದ ಮೇಲೆ ವೈನು ಹಾಕಬೇಕು, ಬಿಸಿಗೆ ಹಾಕಿದರೆ ಘಮವೆಲ್ಲ ಸೂರಿಗೆ, ಹಾಕಿದಳು, ಮೂರನೆಯದನ್ನೇ, ಮಧ್ಯಾಹ್ನಕ್ಕೆ ಗಾಜಿನ ಬಟ್ಟಲಲ್ಲಿ ಗಟ್ಟಿಯಾಗಿ ನಿಂತಿತು, ತಟ್ಟಿದರೆ ನಡುಗುವಷ್ಟು ಗಟ್ಟಿ, ಅತ್ತೆಗೆ ಒಂದು, ಬಾಲ್ದೊನ ಖಾಲಿ ಕುರ್ಚಿಯ ಮುಂದೆ ಒಂದು, ಅತ್ತೆ ಚಮಚ ಬಾಯಿಗಿಟ್ಟಳು, ನೊಲ್ಫಾಳ ಜೀವ ಆ ಮುದಿ ಗಂಟಲಲ್ಲಿ ಸಿಕ್ಕಿಕೊಂಡಿದೆ, ಇಳಿಯಿತು, ಅವನದೇ ಕಣೇ ಅಂದಳು ಅತ್ತೆ, ಇನ್ನೊಂದು ಚಮಚ, ಸದ್ಯ, ಬದುಕಿದಳು, ಇನ್ನೊಂದು ವರ್ಷ — ಆದರೆ ಹೋದ ವರ್ಷ ಮಲಗಿದ್ದ, ಅಂದಳು ಅತ್ತೆ, ಈ ಸಲ ಎದ್ದಿದ್ದಾನೆ, ನಾಲಿಗೇಲಿ ಉಸಿರಾಡ್ತಾನೆ, ಎಳೇ ವೈನು ಅಷ್ಟೆ ಅಂದುಕೊಂಡಳು ನೊಲ್ಫಾ, ಚುರ್ ಅನ್ನುತ್ತೆ ಅಂದಿದ್ದನಲ್ಲ ಸೆಗುಂದೊ, ಅಷ್ಟೆ, ಕೇಳೇ, ಅಂದಳು ಅತ್ತೆ, ಬತ್ತಿ ಎಲ್ಲಿ ಅಂತ ಕೇಳ್ತಿದ್ದಾನೆ, ಕೊಡಬಾರದೇನೇ — ಯಾರೂ ಮುಟ್ಟದ ಬಟ್ಟಲು, ಖಾಲಿ ಕುರ್ಚಿ, ಗಟ್ಟಿಯಾದ ಜೆಲ್ಲಿ, ಅದರ ತಳದಿಂದ ಒಂದು ಗುಳ್ಳೆ, ಒಂದೇ ಒಂದು, ಮೇಲೆ, ಇನ್ನೂ ಮೇಲೆ