ಹಳದಿ ಹೂವಿನ ಹೊರೆ

ಧಣಿಯ ಎದುರು ಬಾಯಿ ಬಿಡುವುದಿಲ್ಲವೆಂದು ಅವಳು ಸಾಯುತ್ತಿದ್ದ ಗಂಡನಿಗೆ ಮಾತು ಕೊಟ್ಟಿದ್ದಳು. ಎದುರಾಡಿ ಒಮ್ಮೆ ಬೀದಿಗೆ ಬಿದ್ದು, ಕಾಲು ಹಿಡಿದು ಮರಳಿದವನು ಅವನು. "ನಾಲಿಗೆ ಹಲ್ಲೊಳಗಿರಲಿ ಕಣೇ. ಮಗಳಿಗೊಂದು ಸೂರು ಉಳೀಲಿ," ಎಂದಿದ್ದ. ಸೂರೆಂದರೆ ಧಣಿಯ ಕೊಟ್ಟಿಗೆಗೆ ಅಂಟಿದ ತಗಡಿನ ಕೋಣೆ.

"ಏನೇ ಮುಂಡೇದೇ, ಹುಲ್ಲಿಗೆ ಮುತ್ತು ಕೊಡ್ತಿದ್ದೀಯಾ?" ಆಳುಗಳ ಮೇಸ್ತ್ರಿ ಒದರಿದ.

ಹೊರೆ ಕಟ್ಟುವ ಮೊದಲು ಅವಳು ಹುಲ್ಲನ್ನು ಮೂಸುತ್ತಿದ್ದಳು. ಬೂಷ್ಟಿನ ವಾಸನೆಯಿಲ್ಲ, ಕಡ್ಡಿ ಮುರಿದರೆ ಚಟ್ ಎನ್ನುತ್ತದೆ. ಒಣಗಿದ್ದು ಹದವಾಗಿಯೇ ಇತ್ತು. ಕೆಟ್ಟದ್ದೆಂದರೆ ಅದರಲ್ಲಿ ಬೆರೆತ ಹಳದಿ ಹೂವು. ಮೇಯಲು ಬಿಟ್ಟ ದನ ಸುತ್ತಲ ಹುಲ್ಲನ್ನೆಲ್ಲ ಬೋಳಿಸಿ ಈ ಗಿಡವನ್ನು ಮಾತ್ರ ಮೂಸಿ ಬಿಡುತ್ತದೆ, ಅಷ್ಟು ಕಹಿ. ಒಣಗಿದರೆ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. ಪ್ರತಿವರ್ಷ ಕುಯ್ಲಿಗೆ ಮೊದಲು ಹೆಂಗಸರು ಅದನ್ನು ಬೇರುಸಹಿತ ಕೀಳುತ್ತಿದ್ದರು. ಈ ಸಲ ಧಣಿ ಆ ಕೂಲಿಯನ್ನೇ ಉಳಿಸಿದ್ದ.

"ಇದು ನಮ್ಮ ಕೊಟ್ಟಿಗೆಗಲ್ಲ, ಮಾರೋಕೆ," ಎಂದ ಮೇಸ್ತ್ರಿ. "ಒಳ್ಳೇ ಹುಲ್ಲು ಹೊರಗಿರ್ಲಿ. ಮೊಳಕೈ ತನಕ ಕೈ ಹಾಕಿ ನೋಡ್ತವೆ ದರಿದ್ರ ಮುಂಡೇವು. ಹೂವನ್ನ ಅದಕ್ಕಿಂತ ಒಳಗೆ ತುರುಕು."

ತುರುಕಿದಳು. ಬಾಯಿ ಬಿಡಲಿಲ್ಲ.

ಕೊಳ್ಳುವವರು ಬಂದರು. ಎಲ್ಲ ಒಂದೊಂದೇ ಹಸು ಕಟ್ಟಿಕೊಂಡ ಜನ. ಮುಂದಿದ್ದ ಮುದುಕಿ ಹೊರೆಗೆ ಕೈಹಾಕಲು ಬಗ್ಗಿದವಳು ಹಗ್ಗದ ಗಂಟು ನೋಡಿ ನಿಂತಳು.

"ನೀನು ಕಟ್ಟಿದ್ದೇನೇ ತಾಯಿ? ಹಾಗಿದ್ರೆ ನೋಡೋದೇನು ಬಂತು ಬಿಡು. ಗಬ್ಬದ ಹಸು ಪಾಪ, ಹಸ್ಕೊಂಡು ನಿಂತೈತೆ."

ಜಗಲಿಯ ಮೇಲಿಂದ ಧಣಿ ನಕ್ಕ. "ಅವಳ ಕೈಕೆಲಸ ಅಂದ್ರೆ ಚಿನ್ನ ಕಣಜ್ಜಿ. ಬೇಕಾದ್ರೆ ಅವಳನ್ನೇ ಕೇಳು. ಏನೇ, ಹೇಳೇ!"

ಅವಳು ಸೊಂಟದ ಕುಡುಗೋಲು ಎಳೆದು ಹಗ್ಗಕ್ಕೆ ಹಾಕಿದಳು ಒಂದು. ಹೊರೆ ಬಿರಿದು ಹಳದಿ ಹೂವೆಲ್ಲ ಮುದುಕಿಯ ಕಾಲ ಮೇಲೆ ಸುರಿಯಿತು.

"ವಿಷ ಕಣಜ್ಜೀ! ನನ್ನ ಕೈಲೇ ತುರುಕಿಸಿದಾನೆ ಈ ಬೋಳಿಮಗ. ತಿಂದ್ರೆ ಹಸೂನೂ ಇಲ್ಲ ನಿಂಗೆ, ಕರೂನೂ ಇಲ್ಲ!"

"ಸೂಳೇ, ನಿನ್ನ ಗಂಟುಮೂಟೆ ಈಗಲೇ ಬೀದಿಗೆ ಎಸೆಸ್ತೀನಿ!" ಧಣಿ ಜಗಲಿಯಿಂದ ಕಿರುಚಿದ.

"ಎಸೆಸೋ! ಅಷ್ಟರೊಳಗೆ ಮಿಕ್ಕಿದ್ದನ್ನೂ ಬಿಚ್ಚಿರ್ತೀನಿ."

ಎರಡನೆಯ ಹಗ್ಗ ಹರಿಯಿತು. ಮೇಸ್ತ್ರಿ ಅವಳ ಕೂದಲಿಗೆ ಕೈಹಾಕಿದ. ಮುದುಕಿ ಅವನ ಮುಖಕ್ಕೆ ಹಿಡಿ ಹುಲ್ಲು ಬೀಸಿದಳು. ತಗಡಿನ ಕೋಣೆಯಲ್ಲಿ ಮಗಳು ಯಾರೂ ಹೇಳದೆಯೇ ಹಾಸಿಗೆ ಸುತ್ತತೊಡಗಿದಳು.

ಮೂರನೆಯ ಹಗ್ಗವೂ ಹರಿಯಿತು. ಗಂಡನಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.